ಸೊನ್ನೆ ಬಂದರೆ ಹೌದು

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತಾ ಕೂತಿದ್ದೆ. ನಮ್ಮ ಓಣಿಯ ಅಜ್ಜಿಯೊಬ್ಬರು ಬಾಗಿಲಿಗೆ ಬಂದರು. ಕೈಯಲ್ಲಿ ಐದು ರೂಪಾಯಿಯ ನಾಣ್ಯ.

“ಬ್ಯಾಂಕಿನ ಸಾಹೇಬ್ರ, ತಗೊಳ್ರಿ ನಿಮ್ಮ ದಂಡ. ಆದ್ರ ಒಂದು ಮಾತು ಕೇಳ್ತೀನಿ. ನಮ್ಮ ಹುಡುಗಿ ಪುಸ್ತಕ ಒಯ್ದ ದಿನಾನ ಓದಿ ಮುಗಿಸಿ ತಂದು ಕೊಟ್ಟಾಳ. ಮತ್ತ ದಂಡ ಯಾಕ?”

ನಾನು ಚಹಾದ ಲೋಟ ಕೆಳಗಿಡದೆಯೇ ಉತ್ತರ ಕೊಟ್ಟೆ. “ನಾ ಏನ್ ಮಾಡ್ಲಿ ಅಮ್ಮಾ, ಕಂಪ್ಯೂಟರ್ ಹಂಗ ಹೇಳೈತಿ.”

ಮಕ್ಕಳೇ, ಎಪ್ಪತ್ತು ದಾಟಿದವನು ಆಡಬಾರದ ಮಾತು ಅದು. ಯಾಕೆ ಆಡಬಾರದು ಎಂಬುದೇ ಈ ವಾರದ ವಿಷಯ. ನಡುವೆ ಸ್ವಲ್ಪ ಕಂಪ್ಯೂಟರ್ ಪಾಠವೂ ಇದೆ. ಅಜ್ಜ ಅಜ್ಜಿಯರು ಹೆದರಬೇಕಿಲ್ಲ. ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ಮುಪ್ಪಾದ ನನ್ನ ತಲೆಗೆ ಹತ್ತಿದ್ದು ನಿಮಗೂ ಹತ್ತುತ್ತದೆ.

ಸಿಂಧನೂರಿನ ನಮ್ಮ ಓಣಿಯ ಗುಡಿಯ ಪಡಸಾಲೆಯಲ್ಲಿ ಒಂದು ಪುಸ್ತಕದ ಕಪಾಟು ಇದೆ. ಮಕ್ಕಳು ಪುಸ್ತಕ ಒಯ್ದು ಹದಿನೈದು ದಿನದೊಳಗೆ ತಿರುಗಿ ತರಬೇಕು. ತಡವಾದರೆ ಐದು ರೂಪಾಯಿ ದಂಡ. ಅದರ ಲೆಕ್ಕ ನನ್ನದು. ಡಿಪ್ಲೊಮಾ ಓದುತ್ತಿರುವ ನನ್ನ ಮೊಮ್ಮಗಳು ರಜೆಗೆ ಬಂದವಳು, “ತಾತಾ, ಎಷ್ಟಂತ ಕೈಲೆ ಬರೀತಿ? ಒಂದು ಶೆಲ್ ಸ್ಕ್ರಿಪ್ಟ್ ಬರದ್ರ ಆತು” ಎಂದಳು. ಮನೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಕೊಟ್ಟಳು.

ಶೆಲ್ ಅಂದರೆ ಚಿಪ್ಪು. ಕಂಪ್ಯೂಟರಿನ ಒಳಗಿನ ತಿರುಳಿಗೂ ನಮಗೂ ನಡುವೆ ಇರುವ ಹೊರಕವಚ. ನಾವು ಅಕ್ಷರದಲ್ಲಿ ಹೇಳಿದ್ದನ್ನು ಅದು ಒಳಗೆ ಮುಟ್ಟಿಸುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟೀಫನ್ ಬೋರ್ನ್ ಬರೆದ ಶೆಲ್ 1979ರಲ್ಲಿ ಯೂನಿಕ್ಸ್ ಜೊತೆ ಹೊರಬಂತು. 1989ರಲ್ಲಿ ಬ್ರಯಾನ್ ಫಾಕ್ಸ್ ಅದೇ ಜಾಡಿನಲ್ಲಿ ಬ್ಯಾಷ್ ಎಂಬುದನ್ನು ಬರೆದರು. ನಮ್ಮ ಲ್ಯಾಪ್‌ಟಾಪಿನಲ್ಲಿ ಇರುವುದು ಅದೇ. ಸ್ಕ್ರಿಪ್ಟ್ ಅಂದರೆ ಚೀಟಿ. ಅವ್ವ ಹೊಲಕ್ಕೆ ಹೋಗುವಾಗ “ಹಾಲು ಉಳಿದಿದ್ರ ಹೆಪ್ಪು ಹಾಕು, ಇಲ್ಲದಿದ್ರ ಅಂಗಡಿಗೆ ಹೋಗು” ಎಂದು ಚೀಟಿ ಬರೆದಿಟ್ಟು ಹೋಗುವುದಿಲ್ಲವೇ, ಹಾಗೆ.

ಆ ಚೀಟಿಯಲ್ಲಿ ‘ಉಳಿದಿದ್ರ’ ಅನ್ನುವುದೇ ಪರೀಕ್ಷೆ. ನಮ್ಮ ಚೀಟಿ ಹೀಗಿತ್ತು. ಪತ್ರಿಕೆಗಾಗಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಯಂತ್ರದ ಮೇಲೆ ಹೊಡೆಯುವಾಗ ಇಂಗ್ಲಿಷ್ ಅಕ್ಷರ ಬಳಸಬೇಕು.

ಇಫ್ [ $ದಿನ -ಎಲ್‌ಇ 15 ]
ದೆನ್ “ಸರಿ” ಎಂದು ಬರೆ
ಎಲ್ಸ್ “ದಂಡ” ಎಂದು ಬರೆ
ಫೈ

ಇಫ್ ಅಂದರೆ ‘ಹೀಗಿದ್ದರೆ’. ಎಲ್ಸ್ ಅಂದರೆ ‘ಇಲ್ಲದಿದ್ದರೆ’. ಇಫ್‌ನ ಎರಡು ಇಂಗ್ಲಿಷ್ ಅಕ್ಷರ ತಿರುವಿ ಬರೆದರೆ ಫೈ, ಅಲ್ಲಿಗೆ ಮಾತು ಮುಗಿಯಿತು ಎಂದರ್ಥ. ಡಾಲರ್ ಗುರುತು ಹಚ್ಚಿದ ‘ದಿನ’ ಒಂದು ಖಾನೆ. ಪ್ರತಿಯೊಬ್ಬ ಮಗುವಿನ ಹೆಸರಿನ ಮುಂದೆ ನಾನು ಬರೆದ ದಿನಗಳ ಸಂಖ್ಯೆ ಅದರೊಳಗೆ ಬಂದು ಕೂಡುತ್ತದೆ.

ಚೌಕದ ಕಂಸ ಬರೀ ಬೇಲಿ ಅಂದುಕೊಂಡಿದ್ದೆ. ಅದೂ ಒಂದು ಆಜ್ಞೆಯಂತೆ. ‘ಟೆಸ್ಟ್’ ಎಂಬ ಆಜ್ಞೆಗೆ ಇನ್ನೊಂದು ಹೆಸರು. ಆದ್ದರಿಂದಲೇ ಕಂಸದ ಒಳಮಗ್ಗುಲಿಗೆ ಜಾಗ ಬಿಡಬೇಕು. ಅಂಟಿಸಿ ಬರೆದರೆ, ಇಂಥ ಆಜ್ಞೆಯೇ ಇಲ್ಲ ಎಂದು ಶೆಲ್ ಗೊಣಗುತ್ತದೆ. ಹೆಸರಿಗೂ ಮನೆತನದ ಹೆಸರಿಗೂ ನಡುವೆ ಜಾಗ ಬಿಡದಿದ್ದರೆ ಅಂಚೆಯವರು ಗೊಣಗುವುದಿಲ್ಲವೇ?

ಇನ್ನು ಉತ್ತರ. ಪರೀಕ್ಷೆ ಮಾಡಿದ ಶೆಲ್ ‘ಹೌದು’ ಎನ್ನುವುದಕ್ಕೆ ಸೊನ್ನೆ ಹಿಡಿದುಕೊಂಡು ಬರುತ್ತದೆ. ‘ಇಲ್ಲ’ ಎನ್ನುವುದಕ್ಕೆ ಒಂದು.

“ಇದು ಉಲ್ಟಾ ಆತಲ್ಲ ತಾತಾ, ನಮ್ಮ ಕ್ಲಾಸಿನ್ಯಾಗ ಎಲ್ರಿಗೂ ಇದ ಗೊಂದಲ” ಎಂದಳು ಮೊಮ್ಮಗಳು. ನನಗೆ ಮಾತ್ರ ಗೊಂದಲ ಆಗಲಿಲ್ಲ. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಕೂಡಿಸಿ ಎರಡೂ ಕಡೆಯ ಮೊತ್ತ ಕಳೆದಾಗ ಸೊನ್ನೆ ಬಂದರೆ ಎಲ್ಲರ ಮುಖದಲ್ಲೂ ನಗು. ತಾಳೆ ಆಯಿತು, ಮನೆಗೆ ಹೋಗಬಹುದು. ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿ ಒಂಬತ್ತರವರೆಗೆ ಹುಡುಕಾಟ. ಸರಿ ಇರುವುದಕ್ಕೆ ಒಂದೇ ದಾರಿ, ತಪ್ಪುವುದಕ್ಕೆ ನೂರು ದಾರಿ. ಹಾಗಾಗಿ ಸರಿಗೆ ಸೊನ್ನೆ ಒಂದೇ ಸಾಕು. ಉಳಿದ ಸಂಖ್ಯೆಗಳೆಲ್ಲ ಯಾವ ಬಗೆಯ ತಪ್ಪು ಎಂದು ಹೇಳುವುದಕ್ಕೆ ಬೇಕು.

ಆದರೆ ಎಲ್ಲವನ್ನೂ ಒಂದೇ ಪರೀಕ್ಷೆಯಿಂದ ತಿಳಿಯಲಾಗದು. ಇದನ್ನು ನಾನು ಲಿಂಗಸುಗೂರಿನಲ್ಲಿ ಕಲಿತವನು. ಹಟ್ಟಿಯ ಚಿನ್ನದ ಗಣಿ ಇರುವುದು ಅದೇ ತಾಲ್ಲೂಕಿನಲ್ಲಿ. ಅಲ್ಲಿ ಕೆಲಸ ಮಾಡುವಾಗ ಬಂಗಾರದ ಮೇಲೆ ಸಾಲ ಕೇಳಿ ಬಂದವರ ಒಡವೆಯನ್ನು ಪತ್ತಾರರು ಒರೆಗಲ್ಲಿಗೆ ತಿಕ್ಕಿ ನೋಡುತ್ತಿದ್ದರು, ಆಮೇಲೆ ತಕ್ಕಡಿಗೆ ಹಾಕುತ್ತಿದ್ದರು. ಒರೆಗಲ್ಲು ತೂಕ ಹೇಳದು, ತಕ್ಕಡಿ ಗುಣ ಹೇಳದು. ಯಾವುದನ್ನು ತಿಳಿಯಬೇಕೋ ಅದಕ್ಕೆ ತಕ್ಕ ಸಾಧನ ಹಿಡಿಯಬೇಕು.

ಶೆಲ್ಲಿನಲ್ಲೂ ಹಾಗೆಯೇ. ಸಂಖ್ಯೆಗಳನ್ನು ತೂಗಲು ಒಂದು ಬಗೆಯ ಗುರುತು. ಅಡ್ಡಗೆರೆ ಹಾಕಿ ಇಕ್ಯೂ ಬರೆದರೆ ‘ಸಮವೇ?’, ಎನ್‌ಇ ಬರೆದರೆ ‘ಬೇರೆಯೇ?’, ಜಿಟಿ ಅಂದರೆ ‘ಹೆಚ್ಚೇ?’, ಎಲ್‌ಟಿ ಅಂದರೆ ‘ಕಡಿಮೆಯೇ?’, ಜಿಇ ಅಂದರೆ ‘ಹೆಚ್ಚು ಅಥವಾ ಸಮವೇ?’, ಎಲ್‌ಇ ಅಂದರೆ ‘ಕಡಿಮೆ ಅಥವಾ ಸಮವೇ?’. ಅಕ್ಷರಗಳನ್ನು ಹೋಲಿಸಲು ಬರೀ = ಗುರುತು, ಬೇರೆಯೇ ಎಂದು ಕೇಳಲು !=. ಖಾತೆ ಸಂಖ್ಯೆ 0071 ಮತ್ತು 71 ಇವೆ ಅನ್ನಿ. ಸಂಖ್ಯೆಯಾಗಿ ತೂಗಿದರೆ ಎರಡೂ ಒಂದೇ. ಅಕ್ಷರವಾಗಿ ನೋಡಿದರೆ ಬೇರೆ ಬೇರೆ. ಚೆಕ್ಕಿನಲ್ಲೂ ಹಣವನ್ನು ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ ಬರೆಯುತ್ತೇವಲ್ಲ, ಎರಡೂ ಹೊಂದದಿದ್ದರೆ ಯಾವುದು ನಿಜ? ಅಕ್ಷರದಲ್ಲಿ ಬರೆದದ್ದೇ ನಿಜ ಎಂದು 1881ರ ಕಾಯಿದೆ ಹೇಳುತ್ತದೆ.

ಮೊದಮೊದಲು ನಾನು ಜಿಟಿ ಬರೆಯುವ ಬದಲು ಶಾಲೆಯಲ್ಲಿ ಕಲಿತ > ಗುರುತನ್ನೇ ಹಾಕಿಬಿಟ್ಟಿದ್ದೆ. ‘ದಿನ > 15 ಆದರೆ ದಂಡ’ ಎಂದು. ಪಟ್ಟಿಯಲ್ಲಿದ್ದ ಹನ್ನೊಂದು ಮಕ್ಕಳಿಗೂ ದಂಡ ಬಿತ್ತು! ನಿನ್ನೆ ಪುಸ್ತಕ ಒಯ್ದವರಿಗೂ ಬಿಡಲಿಲ್ಲ. ಮೊಮ್ಮಗಳು ಕಡತಗಳ ಪಟ್ಟಿ ತೆಗೆದು ತೋರಿಸಿ ಬಿದ್ದು ಬಿದ್ದು ನಕ್ಕಳು. ಅಲ್ಲಿ ‘15’ ಎಂಬ ಹೆಸರಿನ ಹೊಸ ಖಾಲಿ ಕಡತ ಹುಟ್ಟಿಕೊಂಡಿತ್ತು. ಒಂಟಿ ಕಂಸದೊಳಗೆ ಆ ಗುರುತನ್ನು ಹಾಗೇ ಬಿಟ್ಟರೆ ಶೆಲ್ಲಿಗೆ ಅದರ ಅರ್ಥ ‘ಹೆಚ್ಚು’ ಎಂದಲ್ಲ, ‘ಬಂದದ್ದನ್ನು ಈ ಹೆಸರಿನ ಕಡತಕ್ಕೆ ಸುರಿ’ ಎಂದು. ನಾನು ಕೇಳಿದ್ದೇ ಒಂದು, ಅದು ಮಾಡಿದ್ದೇ ಒಂದು.

ಕಡತಗಳ ಬಗ್ಗೆ ಕೇಳುವ ಗುರುತುಗಳೂ ಇವೆ. ನಮ್ಮ ಕಪಾಟನ್ನೇ ನೆನೆಯಿರಿ. -ಇ ಅಂದರೆ ‘ಆ ಹೆಸರಿನದು ಏನಾದರೂ ಇದೆಯೇ?’. -ಎಫ್ ಅಂದರೆ ‘ಅದು ಪುಸ್ತಕದಂಥ ಕಡತವೇ?’. -ಡಿ ಅಂದರೆ ‘ಅದು ಪುಸ್ತಕಗಳನ್ನು ಇಡುವ ಖಾನೆಯೇ?’. -ಎಸ್ ಅಂದರೆ ‘ಕಡತದೊಳಗೆ ಬರಹ ಏನಾದರೂ ಇದೆಯೇ, ಬರೀ ರಟ್ಟೋ?’.

ಎರಡು ಪ್ರಶ್ನೆ ಜೋಡಿಸಬೇಕಾದರೆ && ಅಥವಾ ||. ಜಂಟಿ ಖಾತೆ ಇಟ್ಟ ಅಜ್ಜ ಅಜ್ಜಿಯರಿಗೆ ಇದು ಸಲೀಸು. ‘ಇಬ್ಬರೂ ಸಹಿ ಮಾಡಬೇಕು’ ಎಂಬ ಖಾತೆ && ಇದ್ದ ಹಾಗೆ. ‘ಇಬ್ಬರಲ್ಲಿ ಯಾರಾದರೊಬ್ಬರು’ ಎಂಬ ಖಾತೆ || ಇದ್ದ ಹಾಗೆ. ಶೆಲ್ ಬುದ್ಧಿವಂತ ಕ್ಯಾಷಿಯರ್ ಇದ್ದಂತೆ, ವ್ಯರ್ಥ ಕೆಲಸ ಮಾಡದು. && ಇದ್ದಾಗ ಮೊದಲ ಉತ್ತರವೇ ‘ಇಲ್ಲ’ ಎಂದಾದರೆ ಎರಡನೆಯದನ್ನು ನೋಡುವುದೇ ಇಲ್ಲ. || ಇದ್ದಾಗ ಮೊದಲನೆಯದೇ ‘ಹೌದು’ ಎಂದಾದರೆ ಎರಡನೆಯದರ ಗೊಡವೆಗೆ ಹೋಗದು.

ಇನ್ನು ಆ ಹುಡುಗಿಯ ದಂಡಕ್ಕೆ ಬರೋಣ. ಅಜ್ಜಿ ನಾಣ್ಯವನ್ನು ಕಟ್ಟೆಯ ಮೇಲಿಟ್ಟು ಹೊರಟರು. ಹೋಗುತ್ತಾ, “ಹುಡುಗಿ ಇನ್ನ ಬರಂಗಿಲ್ರಿ. ಬಾಗಲದಾಗ ಹೆಸರು ಹಚ್ಚೀರಲ್ಲ, ಗೆಳತ್ಯಾರು ನಗ್ತಾರಂತ” ಎಂದರು.

ರಿಜಿಸ್ಟರ್ ತೆಗೆದು ನೋಡಿದೆ. ಹುಡುಗಿ ಐದನೇ ತರಗತಿ. ಪುಸ್ತಕ ಒಯ್ದದ್ದು ಬೆಳಿಗ್ಗೆ, ತಂದು ಕೊಟ್ಟದ್ದು ಅದೇ ಸಂಜೆ. ಎಷ್ಟು ದಿನ ಎಂದು ಬರೆಯಬೇಕಾದ ಕಡೆ ನಾನು ಏನನ್ನೂ ಬರೆದಿರಲಿಲ್ಲ. ಒಂದು ದಿನವೂ ಇಟ್ಟುಕೊಂಡಿಲ್ಲವಲ್ಲ, ಬರೆಯುವುದೇನು ಎಂದು ಖಾಲಿ ಬಿಟ್ಟಿದ್ದೆ. ಬ್ಯಾಂಕಿನಲ್ಲಿ ಹೊಸ ಹುಡುಗರಿಗೆ “ಏನೂ ಇಲ್ಲದಿದ್ರ ನಿಲ್ ಅಂತ ಬರೀರಿ, ಖಾಲಿ ಬಿಡಬ್ಯಾಡ್ರಿ” ಎಂದು ಗದರಿಸುತ್ತಿದ್ದವನು ನಾನೇ. ಸೊನ್ನೆ ಬೇರೆ, ಖಾಲಿ ಬೇರೆ.

ಮೊಮ್ಮಗಳಿಗೆ ಫೋನ್ ಮಾಡಿದೆ. ಅವಳು ಕೇಳಿದಳು, “ತಾತಾ, ಸ್ಕ್ರಿಪ್ಟ್ ನಡಸಿದಾಗ ಪರದೆ ಮ್ಯಾಲ ಏನರ ಸಾಲು ಬಂದಿತ್ತೇನು?” ಬಂದಿತ್ತು. ‘ಯುನರಿ ಆಪರೇಟರ್ ಎಕ್ಸ್‌ಪೆಕ್ಟೆಡ್’ ಎಂದೇನೋ ಇತ್ತು. ಪಟ್ಟಿ ಹೇಗೂ ಬಂತಲ್ಲ ಎಂದು ನಾನು ಅದರ ಕಡೆ ಲಕ್ಷ್ಯ ಕೊಟ್ಟಿರಲಿಲ್ಲ.

ಆಗ ಅವಳು ಹೇಳಿದ್ದು ಕೇಳಿ. ಖಾನೆ ಖಾಲಿ ಇದ್ದರೆ ಕಂಸದೊಳಗೆ ಉಳಿಯುವುದು ‘-ಎಲ್‌ಇ 15’ ಮಾತ್ರ. ‘ಹದಿನೈದಕ್ಕಿಂತ ಕಡಿಮೆ ಅಥವಾ ಸಮವೇ?’ ಸರಿ, ಆದರೆ ಯಾವುದು? ಪ್ರಶ್ನೆಗೆ ತಲೆಯೇ ಇಲ್ಲ. ಆಗ ಶೆಲ್ ಸೊನ್ನೆಯನ್ನೂ ಕೊಡುವುದಿಲ್ಲ, ಒಂದನ್ನೂ ಕೊಡುವುದಿಲ್ಲ. ಎರಡು ಕೊಡುತ್ತದೆ. ಎರಡು ಅಂದರೆ, ‘ನೀವು ಕೇಳಿದ ಪ್ರಶ್ನೆಯೇ ಸರಿ ಇಲ್ಲ.’

ನೋಡಿ ಮಕ್ಕಳೇ, ಯಂತ್ರ ಎಷ್ಟು ಪ್ರಾಮಾಣಿಕ! ‘ಇಲ್ಲ’ ಎನ್ನುವುದಕ್ಕೂ ‘ನಿಮ್ಮ ಪ್ರಶ್ನೆ ತಪ್ಪು’ ಎನ್ನುವುದಕ್ಕೂ ಬೇರೆ ಬೇರೆ ಉತ್ತರ ಇಟ್ಟುಕೊಂಡಿದೆ. ಆದರೆ ಇಫ್ ಎಂಬುದು ಸೊನ್ನೆಯೋ ಅಲ್ಲವೋ ಎಂದಷ್ಟೇ ನೋಡುತ್ತದೆ. ಸೊನ್ನೆ ಅಲ್ಲದಿದ್ದರೆ, ಒಂದಾಗಲಿ ಎರಡಾಗಲಿ, ಎಲ್ಸ್ ಕಡೆಗೆ ತಳ್ಳುತ್ತದೆ. ನಾನು ಎಲ್ಸ್‌ನಲ್ಲಿ ಬರೆದಿಟ್ಟದ್ದು ‘ದಂಡ’. ಓಣಿಯಲ್ಲಿ ಎಲ್ಲರಿಗಿಂತ ಬೇಗ ಓದುವ ಹುಡುಗಿಗೆ ದಂಡ ಬಿದ್ದದ್ದು ಹೀಗೆ. ಕಂಪ್ಯೂಟರ್ ಹಾಗೆ ಹೇಳಿರಲಿಲ್ಲ. ‘ನನಗೆ ತಿಳಿಯಲಿಲ್ಲ’ ಎಂದಿತ್ತು. ದಂಡ ಹಾಕಿದವನು ನಾನು.

ಫೋನ್ ಇಟ್ಟ ಮೇಲೆ ನನಗೆ ನೆನಪಾದದ್ದು ಮಸ್ಕಿ. ಸುಮಾರು 1983ರ ಮಾತು. ಮುಂಗಾರಿನ ಹೊತ್ತು. ಮಸ್ಕಿಯ ಆಸುಪಾಸಿನ ಹಳ್ಳಿಯ ಒಬ್ಬ ಮುದುಕಿ ನಡೆದುಕೊಂಡು ಬ್ಯಾಂಕಿಗೆ ಬಂದಿದ್ದಳು. ಬಿತ್ತನೆಗೆ ಬೀಜ ತರಲು ತನ್ನ ಖಾತೆಯ ರೊಕ್ಕ ಬೇಕಿತ್ತು. ಪಾಸ್‌ಬುಕ್ಕಿನಲ್ಲಿ ಹೆಸರಿನ ಕೊನೆಗೆ ‘ಅವ್ವ’ ಎಂದಿತ್ತು, ಅವಳು ತಂದ ಕಾಗದದಲ್ಲಿ ‘ಅಮ್ಮ’ ಎಂದಿತ್ತು. ಕೌಂಟರಿನಲ್ಲಿ ಕೂತಿದ್ದವನು ನಾನು. “ಹೆಸರು ಹೊಂದಂಗಿಲ್ಲ ಅವ್ವಾ. ರೂಲ್ಸ್ ಹಂಗ ಐತಿ” ಎಂದು ಕಾಗದ ತಿರುಗಿ ಕೊಟ್ಟೆ.

ಅವಳು ಸಿಟ್ಟಾಗಲಿಲ್ಲ. “ಯಪ್ಪಾ, ನಂಗ ಬರಿಯಾಕ ಬರಂಗಿಲ್ಲ. ಎರಡೂ ಕಡೆ ಹೆಸರು ಬರದವ್ರು ನಿಮ್ಮಂಥೋರ” ಎಂದಳು. ಹೋದಳು. ಮತ್ತೆ ಬಂದಳು, ಮತ್ತೆ ಕಳಿಸಿದೆ. ಮೂರನೇ ಸಲ ಬಂದಾಗ ಮ್ಯಾನೇಜರರು ಅವಳನ್ನು ಕೂಡಿಸಿ, ಅವಳ ಊರಿನ ಇಬ್ಬರು ಖಾತೆದಾರರನ್ನು ಕರೆದು ಕೇಳಿ, ಹೆಬ್ಬೆಟ್ಟು ಹಚ್ಚಿಸಿ ರೊಕ್ಕ ಕೊಡಿಸಿದರು. ಹತ್ತು ನಿಮಿಷದ ಕೆಲಸ. ಅಷ್ಟರಲ್ಲಿ ಮಳೆ ಬಂದು ಹೋಗಿ ಹದ ಆರಿತ್ತು.

ನಾನು ಮಾಡಿದ್ದು = ಗುರುತಿನ ಪರೀಕ್ಷೆ. ಎರಡು ಕಾಗದದ ಅಕ್ಷರ ಒಂದೇ ಏನು ಎಂದು ಕೇಳಿದೆ, ಅಲ್ಲ ಎಂದು ಉತ್ತರ ಬಂತು. ಉತ್ತರ ಸರಿಯೇ ಇತ್ತು. ಆದರೆ ಕೇಳಬೇಕಾಗಿದ್ದ ಪ್ರಶ್ನೆ ‘ಅಕ್ಷರ ಒಂದೇ ಏನು?’ ಎಂದಲ್ಲ, ‘ಆಳು ಒಬ್ಬರೇ ಏನು?’ ಎಂದು. ಅಲ್ಲಿ ಬರಬೇಕಾಗಿದ್ದದ್ದು ಎರಡು. ನಾನು ಒಂದು ಎಂದು ಓದಿ ಅವಳನ್ನು ಕಳಿಸಿಬಿಟ್ಟೆ.

ಇದೆಲ್ಲ ನಡೆದದ್ದು ಯಾವ ಊರಿನಲ್ಲಿ ನೋಡಿ! ದೇಶದ ನಾನಾ ಕಡೆ ಬಂಡೆಗಳ ಮೇಲೆ ‘ದೇವಾನಂಪ್ರಿಯ ಪ್ರಿಯದರ್ಶಿ’ ಎಂಬ ರಾಜನ ಶಾಸನಗಳಿದ್ದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಬ್ರಾಹ್ಮಿ ಲಿಪಿಯನ್ನು ಓದಿದರು. ಆದರೆ ಈ ರಾಜ ಯಾರು? ಶ್ರೀಲಂಕಾದ ಹಳೆಯ ಗ್ರಂಥಗಳ ನೆರವಿನಿಂದ, ಇವನೇ ಅಶೋಕ ಇರಬೇಕು ಎಂದು ವಿದ್ವಾಂಸರು ಊಹಿಸಿದರು. ಅಕ್ಷರಕ್ಕೆ ಅಕ್ಷರ ಇಟ್ಟು ನೋಡಿದರೆ ‘ಪ್ರಿಯದರ್ಶಿ’ ಬೇರೆ, ‘ಅಶೋಕ’ ಬೇರೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಬೆಟ್ಟದಲ್ಲಿ ಒಂದು ಶಾಸನ ಕಂಡರು. ಅದರಲ್ಲಿ ‘ದೇವಾನಂಪ್ರಿಯ’ ಎಂಬ ಬಿರುದಿನ ಮಗ್ಗುಲಿಗೇ ಅಶೋಕನ ಹೆಸರು ಕೊರೆದಿತ್ತು. ಆಳು ಒಬ್ಬನೇ ಎಂದು ಗಟ್ಟಿಯಾಯಿತು. ಆಮೇಲೆ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೋಳದಲ್ಲೂ, ಮಧ್ಯಪ್ರದೇಶದ ಗುಜರ್ರಾದಲ್ಲೂ ಅಶೋಕನ ಹೆಸರಿನ ಶಾಸನ ಸಿಕ್ಕವು. ಒಬ್ಬ ಚಕ್ರವರ್ತಿಗೆ ಎರಡು ಹೆಸರಿದ್ದರೆ ವಿದ್ವಾಂಸರು ಹೆಚ್ಚುಕಡಿಮೆ ಎಂಬತ್ತು ವರ್ಷ ತಾಳ್ಮೆಯಿಂದ ಹುಡುಕಿದರು. ಅದೇ ಊರಿನಲ್ಲಿ ಕೂತು ನಾನು ಒಬ್ಬ ಮುದುಕಿಗೆ ಹತ್ತು ನಿಮಿಷ ಕೊಡಲಿಲ್ಲ.

ಸಂಜೆ ಮೊಮ್ಮಗಳು ಫೋನಿನಲ್ಲೇ ಹೇಳಿ ಚೀಟಿಯನ್ನು ತಿದ್ದಿಸಿದಳು. ಈಗ ಅದು ಹೀಗಿದೆ:

ಇಫ್ [ “$ದಿನ” -ಎಲ್‌ಇ 15 ]
ದೆನ್ “ಸರಿ” ಎಂದು ಬರೆ
ಎಲಿಫ್ [ “$ದಿನ” -ಜಿಟಿ 15 ]
ದೆನ್ “ದಂಡ” ಎಂದು ಬರೆ
ಎಲ್ಸ್ “ತಾತನನ್ನು ಕೇಳು” ಎಂದು ಬರೆ
ಫೈ

ಎಲಿಫ್ ಅಂದರೆ ‘ಅದಲ್ಲದೆ ಹೀಗಿದ್ದರೆ’. ವ್ಯತ್ಯಾಸ ಗಮನಿಸಿದಿರಾ? ಮೊದಲು ದಂಡ ಇದ್ದದ್ದು ಎಲ್ಸ್‌ನಲ್ಲಿ. ಯಾವುದಕ್ಕೂ ಸೇರದ್ದೆಲ್ಲ ಹೋಗಿ ಬೀಳುವ ಗುಂಡಿ ಅದು. ಈಗ ದಂಡ ಹಾಕಬೇಕಾದರೆ ದಂಡಕ್ಕೇ ಬೇರೆ ಪರೀಕ್ಷೆ. ತಡವಾಗಿದೆ ಎಂದು ‘ಹೌದು’ ಬಂದರೆ ಮಾತ್ರ ದಂಡ. ಖಾನೆ ಖಾಲಿ ಇರಲಿ, ಯಾರೋ ‘10’ ಬದಲು ‘ಹತ್ತು’ ಎಂದು ಅಕ್ಷರದಲ್ಲಿ ಬರೆದಿರಲಿ, ತಿಳಿಯದ್ದೆಲ್ಲ ಒಬ್ಬ ಮನುಷ್ಯನ ಹತ್ತಿರ ಬರುತ್ತದೆ. ಖಾಲಿಯೇ ಎಂದು ಮೊದಲೇ ಕೇಳುವ -ಝಡ್ ಎಂಬ ಗುರುತೂ ಇದೆ, ಖಾಲಿ ಅಲ್ಲವೇ ಎಂದು ಕೇಳಲು -ಎನ್. ಖಾನೆಯ ಹೆಸರಿಗೆ ಉದ್ಧರಣ ಚಿಹ್ನೆ ಹಾಕಿದ್ದೂ ಅದಕ್ಕೇ. ಖಾಲಿ ಇದ್ದರೂ ಪ್ರಶ್ನೆಯಲ್ಲಿ ಅದರ ಜಾಗ ಉಳಿಯುತ್ತದೆ.

ಮರುದಿನ ಬಾಗಿಲಿನ ಪಟ್ಟಿ ಹರಿದು ಹಾಕಿ, ಐದು ರೂಪಾಯಿ ಹಿಡಿದುಕೊಂಡು ಆ ಮನೆಗೆ ಹೋದೆ. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. “ತಪ್ಪು ನಂದವ್ವಾ. ನಿನ್ನ ಖಾನೇದಾಗ ಸೊನ್ನೆ ಬರೀಬೇಕಿತ್ತು, ಬರೀಲಿಲ್ಲ” ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು, “ತಾತಾ, ಸೊನ್ನೆ ಬಂದ್ರ ನಾಪಾಸ ಅಲ್ಲೇನು?”

“ಇಲ್ಲವ್ವಾ, ಇಲ್ಲಿ ಸೊನ್ನೆ ಬಂದ್ರ ಹೌದು ಅಂತ” ಎಂದೆ. ಅಜ್ಜಿ ಚಹಾಕ್ಕೆ ಇಟ್ಟರು.

ಈಗ ಪ್ರತಿ ಶನಿವಾರ ‘ತಾತನನ್ನು ಕೇಳು’ ಎಂದು ಬಂದ ಹೆಸರುಗಳನ್ನು ಪರೀಕ್ಷಿಸುವ ಕೆಲಸ ಅವಳದೇ.

ನೀವೇ ಹೇಳಿ ನೋಡೋಣ:

1. 007 ಮತ್ತು 7. ಒಂಟಿ ಕಂಸದೊಳಗೆ = ಹಾಕಿದರೆ ಉತ್ತರ ಏನು? -ಇಕ್ಯೂ ಹಾಕಿದರೆ ಏನು?

2. ‘ಮಳೆ ನಿಂತಿದ್ದರೆ && ಮನೆಪಾಠ ಮುಗಿದಿದ್ದರೆ ಆಟಕ್ಕೆ ಹೋಗು’ ಎಂದಳು ಅವ್ವ. ಮಳೆ ಇನ್ನೂ ಸುರಿಯುತ್ತಿದೆ. ಅವ್ವ ಶೆಲ್ಲಿನಂತೆ ನಡೆದುಕೊಂಡರೆ ನಿಮ್ಮ ನೋಟ್‌ಬುಕ್ ನೋಡುತ್ತಾಳೆಯೇ?

3. ಉಂಡಿಯ ಡಬ್ಬಿ ಇದೆ, ಒಳಗೆ ಉಂಡಿ ಇಲ್ಲ. ಡಬ್ಬಿಯನ್ನು ಕಡತ ಎಂದುಕೊಂಡರೆ -ಇ ಏನು ಹೇಳುತ್ತದೆ? -ಎಸ್ ಏನು ಹೇಳುತ್ತದೆ?

ಉತ್ತರ: 1. = ಹಾಕಿದರೆ ಇಲ್ಲ, -ಇಕ್ಯೂ ಹಾಕಿದರೆ ಹೌದು. 2. ನೋಡುವುದಿಲ್ಲ, ಮೊದಲನೆಯದೇ ‘ಇಲ್ಲ’ ಆಯಿತು. 3. -ಇ ಹೌದು ಎನ್ನುತ್ತದೆ, -ಎಸ್ ಇಲ್ಲ ಎನ್ನುತ್ತದೆ. ಉಂಡಿ ತಿಂದವರು ಯಾರು ಎಂದು ಕೇಳುವ ಗುರುತು ಶೆಲ್ಲಿನಲ್ಲಿ ಇಲ್ಲ. ಅದನ್ನು ಅಜ್ಜಿಯೇ ಕಂಡುಹಿಡಿಯಬೇಕು.